ಗೇರ್ ಬದಲಿಸುವ ಮುನ್ನ: ವಿ-ಡ್ರೈವ್ ಬೋಟಿನ ವೇಗ ಎಲ್ಲಿ ಸೋರುತ್ತಿದೆ?

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಬಳಿ. 1970ರ ದಶಕದ, 18 ಅಡಿ ಉದ್ದದ, ಚಪ್ಪಟೆ ತಳದ ವಿ-ಡ್ರೈವ್ ಬೋಟು ಕೊಂಡಿದ್ದೇನೆ. ಎಂಜಿನ್ ಷೆವ್ರೊಲೆ 454. ಹಿಂದಿನ ಮಾಲೀಕರು ಕೊಟ್ಟ ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಕಾಗದದಲ್ಲಿ 5,500 ಆರ್‌ಪಿಎಂಗೆ 430 ಅಶ್ವಶಕ್ತಿ ಎಂದಿದೆ. ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ಕಳಿಸುವ ವಿ-ಡ್ರೈವ್ ಪೆಟ್ಟಿಗೆಯಲ್ಲಿ ಶೇ. 18 ಓವರ್ ಗೇರ್, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಎಂಜಿನ್ನಿಗಿಂತ ಶೇ. 18 ಹೆಚ್ಚು ತಿರುಗುತ್ತದೆ. 12 ಇಂಚು ವ್ಯಾಸ, 15 ಇಂಚು ಪಿಚ್‌ನ ಮೂರೆಲೆ ಪ್ರೊಪೆಲ್ಲರ್. ಪೂರ್ತಿ ಥ್ರಾಟಲ್ ಕೊಟ್ಟಾಗ 5,200 ಆರ್‌ಪಿಎಂ, ಜಿಪಿಎಸ್‌ನಲ್ಲಿ ಗಂಟೆಗೆ 66 ಮೈಲಿ. 50 ದಾಟಿದ ಮೇಲೆ ಮೂತಿ ಮೇಲೆ ಕೆಳಗೆ ಜೀಕಲು ಶುರುವಾಗುತ್ತದೆ. ಹಿಂದಿನ ಕ್ಯಾವ್ ಪ್ಲೇಟ್‌ಗಳನ್ನು (ತಳದ ಹಿಂದಂಚಿಗೆ ಕೀಲಿನಿಂದ ಸೇರಿಸಿದ, ಪೆಡಲ್‌ನಿಂದ ಏರಿಸಿ ಇಳಿಸುವ ತಗಡುಗಳು) ಕೆಳಗೆ ಒತ್ತಿದರೆ ಜೀಕುವುದು ನಿಲ್ಲುತ್ತದೆ, ಆದರೆ ವೇಗವೂ ಅಲ್ಲಿಗೇ ನಿಲ್ಲುತ್ತದೆ. 3,500 ಆರ್‌ಪಿಎಂನಿಂದ ಮೇಲೆ ನೆಲದ ಹಲಗೆಯಲ್ಲಿ ಕಂಪನ ಬೇರೆ. ಶೇ. 26 ಓವರ್ ಗೇರ್ ಹಾಕಿಸಿದರೆ 75 ಮೈಲಿ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಈಗಿನ ಸ್ಥಿತಿಯಲ್ಲಿ ಶೇ. 26ರ ಗೇರ್ ಹಾಕಿದರೆ ಎಂಜಿನ್ 4,900ರ ಸುಮಾರಿಗೆ ಕುಸಿಯುತ್ತದೆ. ಬೋಟು ಅದೇ 66ರ ಆಸುಪಾಸಿನಲ್ಲೋ ಇನ್ನೂ ಕೆಳಗೋ ಓಡುತ್ತದೆ. ಕಾರಣ ನೀವೇ ಬರೆದ ಅಂಕಿಗಳಲ್ಲಿದೆ.

ಪ್ರೊಪೆಲ್ಲರ್ ಅಂದರೆ ತಿರುಪುಮೊಳೆ ಎಂದುಕೊಳ್ಳಿ. ನೀರು ಮರದಷ್ಟು ಗಟ್ಟಿಯಾಗಿದ್ದಿದ್ದರೆ, 15 ಇಂಚು ಪಿಚ್‌ನದು ಒಂದು ಸುತ್ತಿಗೆ 15 ಇಂಚು ಮುಂದಕ್ಕೆ ಹೋಗುತ್ತಿತ್ತು. ಎಂಜಿನ್ ಆರ್‌ಪಿಎಂ, ಗೇರ್ ಅನುಪಾತ, ಪಿಚ್ ಈ ಮೂರನ್ನೂ ಗುಣಿಸಿ 1,056ರಿಂದ ಭಾಗಿಸಿದರೆ ಗಂಟೆಗೆ ಇಷ್ಟು ಮೈಲಿ ಎಂಬ ಲೆಕ್ಕದ ವೇಗ ಸಿಗುತ್ತದೆ. (ಮೈಲಿಗೆ 63,360 ಇಂಚು, ಅದನ್ನು 60ರಿಂದ ಭಾಗಿಸಿದರೆ 1,056.) ನಿಮ್ಮದು 5,200 × 1.18 × 15 ÷ 1,056, ಅಂದರೆ 87.2 ಮೈಲಿ. ನಿಜವಾಗಿ ಸಿಕ್ಕಿದ್ದು 66. ಉಳಿದ 21 ಮೈಲಿ, ಅಂದರೆ ಶೇ. 24, ನೀರಿನಲ್ಲಿ ಜಾರಿಹೋಗುತ್ತಿದೆ. ಇದನ್ನೇ ಸ್ಲಿಪ್ ಎನ್ನುವುದು. ಸ್ಲಿಪ್ ಸೊನ್ನೆಯಾಗಲು ಸಾಧ್ಯವಿಲ್ಲ, ಸ್ವಲ್ಪ ಜಾರದೆ ಎಲೆಗಳು ನೀರನ್ನು ಹಿಂದಕ್ಕೆ ತಳ್ಳಲಾರವು. ಆದರೆ ಚೆನ್ನಾಗಿ ಹೊಂದಿಸಿದ ಚಪ್ಪಟೆ ತಳದ ಬೋಟಿನಲ್ಲಿ ಪೂರ್ತಿ ವೇಗದಲ್ಲಿ ಅದು ಶೇ. 10ರಿಂದ 15ರೊಳಗೆ ಇರಬೇಕು. 24 ಅಂದರೆ ಶಕ್ತಿ ಎಲ್ಲೋ ದೊಡ್ಡದಾಗಿ ಸೋರುತ್ತಿದೆ.

ಇನ್ನು ಗೇರ್ ವಿಚಾರ. ಪ್ರೊಪೆಲ್ಲರ್ ನುಂಗುವ ಶಕ್ತಿ ಅದರ ಸುತ್ತುವೇಗದ ಘನದಂತೆ ಏರುತ್ತದೆ. 1.18ರಿಂದ 1.26ಕ್ಕೆ ಹೋದರೆ ಅದೇ ಎಂಜಿನ್ ವೇಗದಲ್ಲಿ ಶಾಫ್ಟ್ ಶೇ. 6.8ರಷ್ಟು ಹೆಚ್ಚು ತಿರುಗಬೇಕು, ಅದಕ್ಕೆ ಶೇ. 22ರಷ್ಟು ಹೆಚ್ಚು ಶಕ್ತಿ ಬೇಕು. 430ರ ಎಂಜಿನ್ ಇನ್ನೂ 90 ಅಶ್ವಶಕ್ತಿಯನ್ನು ಎಲ್ಲಿಂದ ತರುತ್ತದೆ? ತರಲಾರದೆ ಆರ್‌ಪಿಎಂ ಇಳಿಸಿಕೊಳ್ಳುತ್ತದೆ, ಶಾಫ್ಟ್ ಹೆಚ್ಚುಕಡಿಮೆ ಹಿಂದಿನ ವೇಗದಲ್ಲೇ ತಿರುಗುತ್ತದೆ. ಗೇರ್ ಇರುವುದು ಹೊಸ ಶಕ್ತಿ ಹುಟ್ಟಿಸಲಿಕ್ಕಲ್ಲ. ಎಂಜಿನ್ ತನ್ನ ಗರಿಷ್ಠ ಶಕ್ತಿ ಕೊಡುವ ಆರ್‌ಪಿಎಂನಲ್ಲಿ ಅದನ್ನು ನಿಲ್ಲಿಸಲಿಕ್ಕೆ. ಹಾಗಾಗಿ ಗೇರ್ ಕೊನೆಯಲ್ಲಿ ಬರಲಿ. ಆಗಲೂ ನೀವು ಹೋಗಬೇಕಾದ್ದು ಬಹುಶಃ 26ರ ಕಡೆಗಲ್ಲ, 18ಕ್ಕಿಂತ ಕೆಳಗೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಆ 24 ನಿಜವೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಮುಳ್ಳಿನ ಟ್ಯಾಕೋಮೀಟರ್ 200-300 ಹೆಚ್ಚು ತೋರಿಸುವುದು ಮಾಮೂಲು. ನಿಜವಾದ ವೇಗ 4,900 ಆಗಿದ್ದರೆ ಸ್ಲಿಪ್ ಶೇ. 19.6ಕ್ಕೆ ಇಳಿಯುತ್ತದೆ, ರೋಗವೂ ಬೇರೆಯಾಗುತ್ತದೆ. ಆರ್‌ಪಿಎಂ ತೋರಿಸುವ ಡಿಜಿಟಲ್ ಟೈಮಿಂಗ್ ಲೈಟ್ ಇಟ್ಟು ಎರಡನ್ನೂ ಹೋಲಿಸಿ ನೋಡಿ. ಗೇರ್ ಅನುಪಾತವನ್ನೂ ಹಿಂದಿನ ಮಾಲೀಕರ ಮಾತಿನ ಮೇಲೆ ಬಿಡಬೇಡಿ: ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಪೆಟ್ಟಿಗೆಯನ್ನು ಗೇರಿನಲ್ಲಿಟ್ಟು, ಕ್ರ್ಯಾಂಕನ್ನು ಕೈಯಿಂದ ಸರಿಯಾಗಿ 10 ಸುತ್ತು ತಿರುಗಿಸಿ. ಶಾಫ್ಟ್ 11.8 ಸುತ್ತು ತಿರುಗಿದರೆ ಅದು 18 ಓವರ್. ಪ್ರೊಪೆಲ್ಲರಿನ ಮೇಲೆ ಕೆತ್ತಿದ 15ನ್ನೂ ಪೂರ್ತಿ ನಂಬುವಂತಿಲ್ಲ. ಐವತ್ತು ವರ್ಷದಲ್ಲಿ ಅದು ಎಷ್ಟು ಬಾರಿ ಬಾಗಿ, ಎಷ್ಟು ಬಾರಿ ರಿಪೇರಿ ಕಂಡಿದೆಯೋ ಯಾರಿಗೆ ಗೊತ್ತು. ಪ್ರೊಪೆಲ್ಲರ್ ರಿಪೇರಿ ಅಂಗಡಿಯಲ್ಲಿ ಮೂರು ಎಲೆಗಳ ಪಿಚ್ಚನ್ನೂ, ಬುಡದಿಂದ ತುದಿಯವರೆಗೆ ಕನಿಷ್ಠ ಮೂರು ಕಡೆ ಅಳೆಸಿ, ಅಂಕಿಗಳನ್ನು ಬರೆಸಿಕೊಳ್ಳಿ. ಒಂದು ಎಲೆ 14.5, ಇನ್ನೊಂದು 15.3 ಎಂದು ಬಂದರೆ ನಿಮ್ಮ ಕಂಪನದ ಒಂದು ಪಾಲಿಗೆ ಅಲ್ಲೇ ಉತ್ತರ ಸಿಕ್ಕಿತು.

ನಿಮ್ಮ ಸ್ಟಾಕ್ಟನ್ ಸುತ್ತಲಿನ ನದೀ ಡೆಲ್ಟಾದ ಕಾಲುವೆಗಳಲ್ಲಿ ಸಮುದ್ರದ ಏರಿಳಿತದ ಸೆಳೆತ ಇರುತ್ತದೆ. ಆದ್ದರಿಂದ ಒಂದೇ ದಿಕ್ಕಿನ ಓಟದ ಅಂಕಿಗೆ ಬೆಲೆಯಿಲ್ಲ. ಅದೇ ಹಾದಿಯಲ್ಲಿ ಹೋಗಿ, ತಿರುಗಿ ಬಂದು, ಎರಡರ ಸರಾಸರಿ ತೆಗೆಯಿರಿ. ಪ್ರತಿ ಬಾರಿಯೂ ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್, ಬೋಟಿನಲ್ಲಿ ಅಷ್ಟೇ ಜನ. ನೀರು ಕನ್ನಡಿಯಂತಿರುವುದಕ್ಕಿಂತ ಸಣ್ಣ ಅಲೆಯಿರುವಾಗ ಚಪ್ಪಟೆ ತಳ ಒಂದೆರಡು ಮೈಲಿ ಹೆಚ್ಚು ಓಡುವುದುಂಟು, ತಳದಡಿ ಗಾಳಿ ಸೇರಿ ನೀರಿನ ಹಿಡಿತ ಸಡಿಲವಾಗುವುದರಿಂದ. ಆ ಹೆಚ್ಚಳವನ್ನು ನಿಮ್ಮ ಕೆಲಸದ ಫಲ ಎಂದು ಎಣಿಸಬೇಡಿ.

ಕಂಪನವನ್ನು ಮೊದಲು ಹಿಡಿಯೋಣ. ಅದು ಶಕ್ತಿಯನ್ನು ತಿನ್ನುತ್ತದೆ, ಬುಷ್‌ಗಳನ್ನು ತಿನ್ನುತ್ತದೆ, ಕೊನೆಗೆ ಪೆಟ್ಟಿಗೆಯನ್ನೇ ತಿನ್ನುತ್ತದೆ. ವಿ-ಡ್ರೈವ್‌ನಲ್ಲಿ ಎಂಜಿನ್ ಹಿಂದುಮುಂದಾಗಿ ಕೂತಿರುತ್ತದೆ: ಫ್ಲೈವೀಲ್ ಬೋಟಿನ ಮೂತಿಯ ಕಡೆಗೆ. ಶಕ್ತಿ ಮುಂದಕ್ಕೆ ಹೋಗಿ, ಪೆಟ್ಟಿಗೆಯಲ್ಲಿ ಮಡಚಿಕೊಂಡು, ಎಂಜಿನ್ನಿನ ಅಡಿಯಿಂದ ಓರೆಯಾದ ಶಾಫ್ಟಿನಲ್ಲಿ ಹಿಂದಕ್ಕೆ ಬರುತ್ತದೆ. ಪ್ರೊಪೆಲ್ಲರ್ ಬೋಟನ್ನು ತಳ್ಳುವ ಬಲವನ್ನೆಲ್ಲ ಆ ಪೆಟ್ಟಿಗೆಯ ಬೇರಿಂಗೇ ತಡೆದುಕೊಳ್ಳಬೇಕು. ನೇರ ಶಾಫ್ಟಿನ ಬೋಟಿಗಿಂತ ಇಲ್ಲಿ ಕೀಲುಗಳು ಹೆಚ್ಚು, ತಪ್ಪಲು ಜಾಗಗಳೂ ಹೆಚ್ಚು.

ಎಂಜಿನ್ನಿಗೆ ಕೊಳವೆಯಿಂದ ನೀರು ಕೊಟ್ಟು, ಪೆಟ್ಟಿಗೆಯನ್ನು ಗೇರಿನಿಂದ ಹೊರಗಿಟ್ಟು, ಟ್ರೇಲರ್ ಮೇಲೆಯೇ 3,500ರವರೆಗೆ ಸ್ವಲ್ಪ ಹೊತ್ತು ಏರಿಸಿ. ಕಂಪನ ಇಲ್ಲವಾದರೆ ದೋಷ ಪೆಟ್ಟಿಗೆಯಿಂದ ಹಿಂದಕ್ಕಿದೆ. ನಿಮ್ಮ ಬೋಟಿನ ಕಾಲದ ಇನ್-ಔಟ್ ಪೆಟ್ಟಿಗೆಗಳಲ್ಲಿ ಕ್ಲಚ್ ಇರುವುದಿಲ್ಲ, ಹಲ್ಲಿಗೆ ಹಲ್ಲು ಕೂರುವ ಕಚ್ಚು ಮಾತ್ರ. ಎಂಜಿನ್ ಓಡುತ್ತಿರುವಾಗ ಆ ಲಿವರ್ ಮುಟ್ಟಿದರೆ ಹಲ್ಲು ಉದುರುತ್ತದೆ. ಹಾಕುವುದು, ತೆಗೆಯುವುದು ಎರಡೂ ಎಂಜಿನ್ ನಿಂತ ಮೇಲೆಯೇ.

ಆಮೇಲೆ ಶಾಫ್ಟ್. ಪ್ರೊಪೆಲ್ಲರ್ ಕಳಚಿ, ಡಯಲ್ ಗೇಜ್ ಇಟ್ಟು, ಶಾಫ್ಟನ್ನು ನಿಧಾನವಾಗಿ ತಿರುಗಿಸಿ. ಒಟ್ಟು ಓಲಾಟ 5 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಾಟಬಾರದು, ಅಂದರೆ 0.13 ಮಿಲಿಮೀಟರ್. ಪ್ರೊಪೆಲ್ಲರ್ ಕೂರುವ, ಕಿರಿದಾಗುತ್ತಾ ಹೋಗುವ ಟೇಪರ್ ತುದಿಯಲ್ಲಿ ವಿಶೇಷವಾಗಿ ನೋಡಿ. ಮರದ ಕೊರಡಿಗೆ ಬಡಿದ ಬೋಟಿನಲ್ಲಿ ಬಾಗಿರುವುದು ಅಲ್ಲೇ. ತಳದಡಿಯಲ್ಲಿ ಶಾಫ್ಟನ್ನು ಹಿಡಿದಿರುವ ಆಧಾರವೇ ಸ್ಟ್ರಟ್. ಅದರ ಬುಷ್‌ನಲ್ಲಿ ಶಾಫ್ಟನ್ನು ಕೈಯಿಂದ ಎತ್ತಿ ಇಳಿಸಿ. ಟಕ್ಕೆಂಬ ಸದ್ದು ಕೇಳಿದರೆ, ಬಡಿತ ಕೈಗೆ ತಿಳಿದರೆ, ಬುಷ್ ಬದಲಿಸಿ. ಹೊಸ ಬುಷ್‌ನಲ್ಲಿ ಶಾಫ್ಟ್ ನಡುವೆ ಕೂತಿದೆಯೇ ಎಂದು ಸುತ್ತಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಬೇಕು. ಒಂದು ಕಡೆ ಒತ್ತಿ ಕೂತಿದ್ದರೆ ಸ್ಟ್ರಟ್ ವಾಲಿದೆ ಎಂದರ್ಥ, ಬುಷ್ ಮತ್ತೆ ಬೇಗ ತೇಯುತ್ತದೆ.

ಹೊಂದಿಸುವ ಕ್ರಮದಲ್ಲಿ ಬಹಳ ಮಂದಿ ಎಡವುತ್ತಾರೆ. ಎಂಜಿನ್ನಿನಿಂದ ಶುರುಮಾಡಿ ಹಿಂದಕ್ಕೆ ಬರುತ್ತಾರೆ. ಅದು ತಲೆಕೆಳಗು. ಸ್ಟ್ರಟ್ ತಳಕ್ಕೆ ಬಿಗಿದುಕೊಂಡಿದೆ, ಅದನ್ನು ಸರಿಸುವುದು ಕಷ್ಟ. ಆದ್ದರಿಂದ ಅದೇ ಆಧಾರ. ಸ್ಟ್ರಟ್ಟಿಗೆ ತಕ್ಕಂತೆ ಶಾಫ್ಟ್, ಶಾಫ್ಟಿಗೆ ತಕ್ಕಂತೆ ವಿ-ಡ್ರೈವ್ ಪೆಟ್ಟಿಗೆ, ಪೆಟ್ಟಿಗೆಗೆ ತಕ್ಕಂತೆ ಎಂಜಿನ್. ಶಾಫ್ಟಿನ ಕಪ್ಲಿಂಗನ್ನೂ ಪೆಟ್ಟಿಗೆಯ ಕಪ್ಲಿಂಗನ್ನೂ ಬೋಲ್ಟಿಲ್ಲದೆ ಮುಖಾಮುಖಿ ತಂದು, ಗಡಿಯಾರದ 12, 3, 6, 9ರ ಜಾಗಗಳಲ್ಲಿ ಫೀಲರ್ ಹಾಕಿ. ನಾಲ್ಕರ ನಡುವಿನ ವ್ಯತ್ಯಾಸ 3 ಥೌ ಒಳಗಿರಬೇಕು. ಹೆಚ್ಚಿದ್ದರೆ ಶಾಫ್ಟನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ದೊಡ್ಡ ಸಂದು ಶಾಫ್ಟಿನ ಜೊತೆ ತಿರುಗಿ ಬಂದರೆ ಶಾಫ್ಟೋ ಕಪ್ಲಿಂಗೋ ಬಾಗಿದೆ. ಸಂದು ಇದ್ದಲ್ಲೇ ಇದ್ದರೆ ಪೆಟ್ಟಿಗೆ ಓರೆಯಾಗಿದೆ, ಅಡಿಯಲ್ಲಿ ತಗಡಿನ ಚೂರು ಕೊಟ್ಟು ಸರಿಪಡಿಸಬಹುದು. ಕೊನೆಯ ಅಳತೆಯನ್ನು ಬೋಟು ನೀರಿನಲ್ಲಿ ಒಂದು ದಿನ ನಿಂತ ಮೇಲೆ ತೆಗೆದುಕೊಳ್ಳಿ. ಟ್ರೇಲರ್ ಮೇಲೆ ತಳ ಬಾಗುತ್ತದೆ, ಅಲ್ಲಿ ಸಿಕ್ಕ 3 ಥೌ ನೀರಿನಲ್ಲಿ 10 ಆಗಿರಬಹುದು.

ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಎರಡು ಯೂನಿವರ್ಸಲ್ ಜಾಯಿಂಟಿನ ಗಿಡ್ಡ ಶಾಫ್ಟ್ ಇದ್ದರೆ ಎರಡೂ ಕೀಲಿನ ಕೋನ ಸಮನಾಗಿರಬೇಕು, ಎರಡೂ ನೊಗಗಳು ಒಂದೇ ಸಾಲಿನಲ್ಲಿರಬೇಕು. ಕೋನ ಒಂದರಿಂದ ಮೂರು ಡಿಗ್ರಿ ಇದ್ದರೆ ಸಾಕು. ಪೂರ್ತಿ ಸೊನ್ನೆಯೂ ಬೇಡ, ಸೂಜಿ ಬೇರಿಂಗ್ ಉರುಳದೆ ಒಂದೇ ಜಾಗದಲ್ಲಿ ಒತ್ತಿ ಗುಳಿ ಬೀಳುತ್ತದೆ. ಆ ಶಾಫ್ಟಿನ ಮೇಲೆ ಉಕ್ಕಿನ ಕವಚ ಇಲ್ಲವೆಂದರೆ ಬೇರೆಲ್ಲ ಕೆಲಸ ನಿಲ್ಲಿಸಿ ಮೊದಲು ಅದನ್ನು ಮಾಡಿಸಿ. ಅದು 5,000 ಆರ್‌ಪಿಎಂನಲ್ಲಿ ತಿರುಗುವುದು ನಿಮ್ಮ ಮತ್ತು ಪಕ್ಕದಲ್ಲಿ ಕೂತವರ ಮೈಗೆ ಎರಡಡಿ ದೂರದಲ್ಲಿ.

ಇಷ್ಟೆಲ್ಲ ಹೊಂದಿಸಿಯೂ ಎರಡನೇ ಓಟಕ್ಕೆ ಮತ್ತೆ ತಪ್ಪಿತು ಎಂದಾದರೆ ಪೆಟ್ಟಿಗೆ, ಎಂಜಿನ್ ಕೂತಿರುವ ಉದ್ದ ತೊಲೆಗಳನ್ನು ಸಂಶಯಿಸಿ. ಆ ಕಾಲದ ಬೋಟುಗಳಲ್ಲಿ ಅವು ಫೈಬರ್‌ಗ್ಲಾಸ್ ಸುತ್ತಿದ ಮರ. ಬೋಲ್ಟಿನ ತೂತಿನಿಂದ ನೀರು ಇಳಿದು ಒಳಗೊಳಗೇ ಕೊಳೆಯುತ್ತವೆ, ಹೊರಗಿನಿಂದ ಹೊಸದರಂತೆ ಕಾಣುತ್ತವೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ. ಠಣ್ ಎನ್ನುವ ಕಡೆ ಮರ ಗಟ್ಟಿ, ಬೊದ್ದು ಸದ್ದು ಬಂದ ಕಡೆ ಪೊಳ್ಳು. ಬೋಲ್ಟ್ ಬಿಗಿಯುತ್ತಲೇ ಹೋದರೂ ಬಿಗಿ ಸಿಗದಿದ್ದರೆ ಅನುಮಾನವೇ ಬೇಡ. ಪೊಳ್ಳು ತೊಲೆಯ ಮೇಲೆ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ಪ್ರೊಪೆಲ್ಲರ್ ಮತ್ತೆ ಕೂರಿಸುವಾಗ ಚಾವಿಯ ಮೇಲೆ, ಅಂದರೆ ಅದು ಶಾಫ್ಟಿನ ಮೇಲೆ ಜಾರದಂತೆ ಗಾಡಿಯಲ್ಲಿ ಕೂರುವ ಲೋಹದ ತುಂಡಿನ ಮೇಲೆ, ಗಮನವಿರಲಿ. ಮೊದಲು ಚಾವಿಯಿಲ್ಲದೆ ಟೇಪರಿನ ಮೇಲೆ ಕೈಯಿಂದ ಬಿಗಿಯಾಗಿ ತಳ್ಳಿ, ಅದು ನಿಂತ ಜಾಗಕ್ಕೆ ಗೆರೆ ಹಾಕಿ. ಕಳಚಿ, ಚಾವಿ ಇಟ್ಟು, ಮತ್ತೆ ತಳ್ಳಿ. ಗೆರೆಯವರೆಗೆ ಬರದಿದ್ದರೆ ಹಬ್ (ಪ್ರೊಪೆಲ್ಲರಿನ ನಡುಭಾಗ) ಚಾವಿಯ ಬೆನ್ನೇರಿ ಕೂತಿದೆ, ಅಂದರೆ ಮಧ್ಯ ತಪ್ಪಿದೆ. ಚಾವಿಯನ್ನು ಅರದಿಂದ ತುಸು ತಗ್ಗಿಸಿ. ಟೇಪರಿನ ಹಿಡಿತ ಸಾಲದೆಂದರೆ ಸಣ್ಣ ಕಣದ ವಾಲ್ವ್ ಪೇಸ್ಟ್ ಹಚ್ಚಿ ಎರಡನ್ನೂ ತಿಕ್ಕಿ ಹೊಂದಿಸಿ, ಆಮೇಲೆ ಪೂರ್ತಿ ತೊಳೆಯಿರಿ. ಸ್ಟ್ರಟ್ಟಿನ ಕೊನೆಗೂ ಹಬ್ಬಿಗೂ ನಡುವೆ ಶಾಫ್ಟಿನ ವ್ಯಾಸಕ್ಕಿಂತ ಹೆಚ್ಚು ಅಂತರ ಬೇಡ: ನಿಮ್ಮದು ಒಂದು ಇಂಚಿನ ಶಾಫ್ಟ್ ಆದರೆ ಒಂದೇ ಇಂಚು. ಅದಕ್ಕಿಂತ ಹೊರಗೆ ಚಾಚಿಕೊಂಡ ಪ್ರೊಪೆಲ್ಲರ್ ಚಾಟಿಯಂತೆ ಬೀಸುತ್ತದೆ. ಎಲೆಯ ತುದಿಗೂ ತಳಕ್ಕೂ ನಡುವೆ ವ್ಯಾಸದ ಶೇ. 10ರಿಂದ 15, ಅಂದರೆ ನಿಮಗೆ ಸುಮಾರು ಒಂದೂಕಾಲರಿಂದ ಒಂದೂಮುಕ್ಕಾಲು ಇಂಚು ಜಾಗ ಬೇಕು. ಕಡಿಮೆಯಾದರೆ ಪ್ರತಿ ಎಲೆಯೂ ಹಾದುಹೋಗುವಾಗ ತಳಕ್ಕೆ ಗುದ್ದು ಕೊಡುತ್ತದೆ, ನೆಲದ ಹಲಗೆಯ ಕಂಪನಕ್ಕೆ ಅದೂ ಕಾರಣವಿರಬಹುದು.

ಈಗ ಜೀಕುವ ಮೂತಿ. ನಿಮ್ಮ ವೇಗದ ಬಹುಪಾಲು ಕಳೆದುಹೋಗಿರುವುದು ಇಲ್ಲೇ ಎಂಬುದು ನನ್ನ ಅಂದಾಜು. ಮೂತಿ ಏರಿದಾಗ ಹಿಂಭಾಗ ನೀರಿಗೆ ಒತ್ತುತ್ತದೆ, ಇಳಿದಾಗ ತಳವಿಡೀ ನೀರಿಗೆ ತಾಗುತ್ತದೆ. ಪ್ರತಿ ಜೀಕಿಗೂ ಪ್ರೊಪೆಲ್ಲರ್ ಒಮ್ಮೆ ಗಟ್ಟಿ ನೀರನ್ನು, ಒಮ್ಮೆ ಗಾಳಿ ಬೆರೆತ ನೀರನ್ನು ಕಚ್ಚುತ್ತದೆ. ಪ್ಲೇಟ್ ಒತ್ತಿದಾಗ ಜೀಕು ನಿಂತಿತು, ವೇಗ ಬರಲಿಲ್ಲ ಎಂದಿದ್ದೀರಿ. ಪ್ಲೇಟ್ ಹಿಂಭಾಗವನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತಿ ಹಿಡಿದಿದೆ, ಅಷ್ಟೆ. ಹೆಚ್ಚು ತಳ ನೀರಿನಲ್ಲಿ ಎಳೆಯುತ್ತಿದೆ. ಒಂದು ದೋಷವನ್ನು ಇನ್ನೊಂದರಿಂದ ಮುಚ್ಚಿದಂತಾಯಿತು.

ತಳವನ್ನು ನೋಡಿ. ಬೋಟನ್ನು ಟ್ರೇಲರಿನಿಂದ ಎತ್ತಿ, ಐದಾರು ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಹಿಂದಿನ ಅಂಚಿನಿಂದ ಮುಂದಕ್ಕೆ ತಳಕ್ಕೆ ಒತ್ತಿ ಹಿಡಿಯಿರಿ. ಹಿಂದೆ ಟಾರ್ಚ್ ಹಿಡಿದರೆ ಬೆಳಕು ಎಲ್ಲಿ ಸೋರುತ್ತದೆ ಎಂದು ಕಾಣುತ್ತದೆ. ಮಧ್ಯದಲ್ಲಿ ಬೆಳಕು, ಎರಡು ತುದಿ ತಾಗಿದೆ ಎಂದರೆ ತಳ ಒಳಗೆ ಬಾಗಿದೆ. ಇದಕ್ಕೆ ಹುಕ್ ಎನ್ನುತ್ತಾರೆ, ಇದು ಮೂತಿಯನ್ನು ಒತ್ತಿ ವೇಗವನ್ನು ಕೊಲ್ಲುತ್ತದೆ. ಮಧ್ಯ ತಾಗಿ ಪಟ್ಟಿ ತೂಗಿದರೆ ತಳ ಹೊರಗೆ ಉಬ್ಬಿದೆ. ಇದು ರಾಕರ್. ಉಬ್ಬಿನ ಮೇಲೆ ಹರಿಯುವ ನೀರು ಹಿಂಭಾಗವನ್ನು ಕೆಳಗೆ ಹೀರುತ್ತದೆ, ಮೂತಿ ಏರುತ್ತದೆ, ತೂಕ ಅದನ್ನು ಇಳಿಸುತ್ತದೆ, ಮತ್ತೆ ಏರುತ್ತದೆ. ನೀವು ಹೇಳುವ ಲಕ್ಷಣಕ್ಕೆ ರಾಕರ್ ಚೆನ್ನಾಗಿ ಹೊಂದುತ್ತದೆ. ನಾಲ್ಕು ಅಡಿಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದ್ದರೂ ಈ ವೇಗದಲ್ಲಿ ಅದು ಮಾತಾಡುತ್ತದೆ. ಮಧ್ಯದಲ್ಲೂ ಎರಡು ಬದಿಗಳಲ್ಲೂ, ಹೀಗೆ ಕನಿಷ್ಠ ಐದು ಸಾಲು ಅಳೆದು ತಳದ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ.

ಸರಿಪಡಿಸಬೇಕಾದ್ದು ಹಿಂದಿನ ಐದಡಿ ಮಾತ್ರ. ಪೂರ್ತಿ ವೇಗದಲ್ಲಿ ಬೋಟು ನಿಂತಿರುವುದು ಅಷ್ಟರ ಮೇಲೆಯೇ. ಉಬ್ಬನ್ನು ಉಜ್ಜಿ ಕಳೆಯುವುದಕ್ಕಿಂತ ತಗ್ಗನ್ನು ಎಪಾಕ್ಸಿ ಪುಟ್ಟಿಯಿಂದ ತುಂಬುವುದು ಕ್ಷೇಮ, ಉಜ್ಜುತ್ತಾ ಹೋದರೆ ಫೈಬರ್‌ಗ್ಲಾಸಿನ ಪದರವೇ ತೆಳುವಾಗುತ್ತದೆ. ಎರಡು ಅಡಿ ಉದ್ದದ ಹಲಗೆಗೆ ಉಜ್ಜುಕಾಗದ ಅಂಟಿಸಿ ಅಡ್ಡಡ್ಡ ಓರೆಯಾಗಿ ತಿಕ್ಕಿ, ಕೊನೆಗೆ 400ರ ಕಾಗದ ಸಾಕು, ಕನ್ನಡಿಯ ಹೊಳಪು ಬೇಕಿಲ್ಲ. ಹಿಂದಿನ ಅಂಚು ಮಾತ್ರ ಚೂಪಾಗಿರಲಿ. ವರ್ಷಗಟ್ಟಲೆ ಸವೆದು, ಬಣ್ಣ ಬಳಿದು ಅದು ದುಂಡಾಗಿದ್ದರೆ ನೀರು ಅಲ್ಲಿ ತಟ್ಟನೆ ಬಿಟ್ಟುಕೊಳ್ಳದೆ ಹಿಂಬದಿಯ ಗೋಡೆಗೆ ಸುತ್ತಿಕೊಂಡು ಮೇಲೇರುತ್ತದೆ, ಎಳೆಯುತ್ತದೆ. ಟ್ರೇಲರಿನ ಉದ್ದ ದಿಂಬುಗಳು ಹಿಂದಿನ ಅಂಚಿನವರೆಗೂ ಬರುವಂತೆ ಮಾಡಿಸಿ. ಅರ್ಧ ಅಡಿ ಮುಂಚೆಯೇ ನಿಂತಿದ್ದರೆ ನೀವು ನೇರ ಮಾಡಿದ ತಳ ಒಂದೆರಡು ವರ್ಷದಲ್ಲಿ ಮತ್ತೆ ಬಾಗುತ್ತದೆ.

ತಳಕ್ಕೆ ಕೈಹಾಕುವ ಮುಂಚೆ ಒಂದು ಅಗ್ಗದ ಪರೀಕ್ಷೆ ಇದೆ. 20 ಕಿಲೋದ ಎರಡು ಮರಳು ಚೀಲಗಳನ್ನು ಮುಂದೆ ಕಾಲಿಡುವ ಜಾಗದಲ್ಲಿ ಕಟ್ಟಿ ಓಡಿಸಿ. ಜೀಕುವುದು 50ರ ಬದಲು 60ಕ್ಕೆ ಶುರುವಾದರೆ ತೂಕ ಹಿಂದಕ್ಕೆ ಕೂತಿದೆ, ಹಿಂದಿರುವ ಬ್ಯಾಟರಿಯನ್ನು ಮುಂದಕ್ಕೆ ತಂದರೆ ಅರ್ಧ ಕೆಲಸ ಮುಗಿಯುತ್ತದೆ. ಏನೂ ಬದಲಾಗದಿದ್ದರೆ ತಳವನ್ನೋ ಪ್ಲೇಟನ್ನೋ ಹಿಡಿಯಿರಿ. ಚೀಲಗಳನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಲೇಬೇಕು, ಪೆಡಲ್ ಅಡಿಗೆ ಜಾರಿದರೆ ಅನಾಹುತ.

ಕ್ಯಾವ್ ಪ್ಲೇಟ್ ಹೊಂದಿಸಲು ಮೊದಲು ಅದರ ಕೀಲು, ಕಡ್ಡಿಗಳ ಸಡಿಲ ನೋಡಿ. ಪ್ಲೇಟಿನ ಹಿಂದಿನ ಅಂಚನ್ನು ಕೈಯಿಂದ ಅಲುಗಿಸಿದಾಗ ಇಂಚಿನ ಎಂಟನೇ ಒಂದು ಭಾಗ ಆಡಿದರೆ ನೀವು ಮಾಡುವ ಹೊಂದಾಣಿಕೆಗಿಂತ ಆ ಆಟವೇ ದೊಡ್ಡದು. ಪಿನ್ನು, ಬುಷ್ ಬದಲಿಸಿ. ಅದೇ ನೇರ ಪಟ್ಟಿಯನ್ನು ತಳದಿಂದ ಪ್ಲೇಟಿನ ಅಡಿಯವರೆಗೆ ಚಾಚಿ, ಎರಡೂ ಒಂದೇ ಸಮತಲದಲ್ಲಿ ಬಂದ ಜಾಗವನ್ನು ಸೊನ್ನೆ ಎಂದು ಗುರುತಿಸಿ. ಎಡ ಬಲ ಎರಡೂ ಪ್ಲೇಟ್ ಸೊನ್ನೆಯಲ್ಲಿ ಒಂದೇ ಸಮ ಇರಬೇಕು. ಪ್ಲೇಟಿನ ಪೆಡಲ್ ಬಿಟ್ಟಾಗ ಅದು ಮೇಲಕ್ಕೆ ಹೋಗಿ ನಿಲ್ಲುವ ಜಾಗವನ್ನು, ಹಿಂದಿನ ಅಂಚಿನಲ್ಲಿ ಅಳೆದು, ಮೊದಲ ಓಟಕ್ಕೆ ಸೊನ್ನೆಗಿಂತ ಇಂಚಿನ ಎಂಟನೇ ಒಂದು ಭಾಗ ಮೇಲಿಡಿ. ಅಲ್ಲಿಂದ ಹದಿನಾರನೇ ಒಂದು ಭಾಗದಂತೆ ಮಾತ್ರ ಸರಿಸಿ. ಮೂತಿ ಜೀಕಲು ಶುರುವಾಗುವ ಜಾಗ ಸಿಕ್ಕಿತೇ, ಒಂದು ಹೆಜ್ಜೆ ಕೆಳಗೆ ಬನ್ನಿ. ನಿಮ್ಮ ಬೋಟಿನ ಅತಿ ವೇಗದ ಜಾಗ ಅದೇ. ಅದಕ್ಕಿಂತ ಮೇಲೆ ಹೋಗುವ ಆಸೆ ಬೇಡ: ಚಪ್ಪಟೆ ತಳದಡಿ 70 ಮೈಲಿಯ ಗಾಳಿ ಹೊಕ್ಕರೆ ಮೂತಿ ಏರಿ ಬೋಟು ಹಿಂದಕ್ಕೆ ಮಗುಚುತ್ತದೆ, ಅದನ್ನು ತಡೆಯುವ ಸಮಯ ಯಾರಿಗೂ ಸಿಗುವುದಿಲ್ಲ. ಪ್ರೊಪೆಲ್ಲರಿನ ಎದುರುತಿರುವಿನಿಂದ ಬೋಟು ಒಂದು ಬದಿಗೆ ವಾಲಿ ಓಡಿದರೆ ವಾಲಿದ ಕಡೆಯ ಪ್ಲೇಟನ್ನು ಹದಿನಾರನೇ ಒಂದು ಭಾಗ ಹೆಚ್ಚು ಕೆಳಗಿಡಬಹುದು.

ಇನ್ನು ನೀರಿನಲ್ಲಿ ಗಾಳಿ. ಎಂಜಿನ್ನಿಗೆ ತಂಪು ನೀರು ಸೇದುವ ಬಾಯಿ, ಸ್ಟ್ರಟ್ಟಿನ ಬೋಲ್ಟ್ ತಲೆಗಳು, ಶಾಫ್ಟ್ ಹೊರಬರುವ ತೂತಿನ ಅಂಚು, ಇವೆಲ್ಲ ಪ್ರೊಪೆಲ್ಲರಿನ ಮುಂದೆ ಗುಳ್ಳೆಗಳ ಜಾಡು ಬಿಡುತ್ತವೆ. ಬೋಲ್ಟ್ ತಲೆಗಳು ತಳದ ಮಟ್ಟಕ್ಕೆ ಕೂತಿರಲಿ, ಉಳಿದ ಗುಳಿ ತುಂಬಿಸಿ. ಸ್ಟ್ರಟ್ಟಿನ ಮುಂದಂಚು ಮೊಂಡಾಗಿದ್ದರೆ ಅರದಿಂದ ಚೂಪು ಮಾಡಿ. ಪ್ರೊಪೆಲ್ಲರಿನ ಎಲೆಗಳನ್ನೇ ಓದಿ ನೋಡಿ. ಬೆನ್ನಿನ ಕಡೆ ಸುಟ್ಟಂತೆ, ಜೇನುಗೂಡಿನಂತೆ ಗುಳಿ ಬಿದ್ದಿದ್ದರೆ ಅದು ಕ್ಯಾವಿಟೇಷನ್: ಒತ್ತಡ ಇಳಿದು ನೀರು ಅಲ್ಲೇ ಆವಿಯಾಗಿ, ಆ ಗುಳ್ಳೆಗಳು ಒಡೆದು ಲೋಹವನ್ನು ಕಿತ್ತಿವೆ. ಮುಂದಂಚಿನ ಸಣ್ಣ ಕಚ್ಚೊಂದು ಸಾಕು ಅದಕ್ಕೆ. ಗುಳಿಯಿಲ್ಲದೆ ಬರೀ ಆರ್‌ಪಿಎಂ ತಟ್ಟನೆ ಜಿಗಿದು ಇಳಿಯುತ್ತಿದ್ದರೆ ಅದು ಹೊರಗಿನ ಗಾಳಿ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ರೂಢಿಯಿದೆ, ಆದರೆ ಮದ್ದು ಬೇರೆ ಬೇರೆ.

ಶಾಫ್ಟಿನ ಓರೆಯೂ ಸ್ಲಿಪ್ಪಿನಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತದೆ. 10 ಡಿಗ್ರಿ ಓರೆಯಲ್ಲಿ ತಳ್ಳುವ ಬಲದ ಶೇ. 17ರಷ್ಟು ಮೇಲ್ಮುಖವಾಗಿರುತ್ತದೆ. ಕೆಳಗಿಳಿಯುವ ಎಲೆ ಹೆಚ್ಚು ಕಚ್ಚುತ್ತದೆ, ಮೇಲೇರುವ ಎಲೆ ಕಡಿಮೆ. ಬೋಟು ಕಟ್ಟಿದವರು ಇಟ್ಟ ಓರೆ ಅದು, ಬಿಟ್ಟುಬಿಡಿ.

ಇಷ್ಟು ಮಾಡಿ ಮತ್ತೆ ನೀರಿಗಿಳಿದಾಗ ಆರ್‌ಪಿಎಂ ಏರುವ ಬದಲು ಇಳಿದರೆ ಗಾಬರಿಯಾಗಬೇಡಿ. ಪ್ರೊಪೆಲ್ಲರ್ ಈಗ ಗಟ್ಟಿ ನೀರು ಕಚ್ಚುತ್ತಿದೆ, ಎಂಜಿನ್ನಿಗೆ ಭಾರ ಹೆಚ್ಚಿದೆ. 5,000ಕ್ಕೆ ಇಳಿದು ಸ್ಲಿಪ್ ಶೇ. 14 ಆಯಿತೆನ್ನಿ: ಲೆಕ್ಕದ ವೇಗ 83.8, ನಿಜ ವೇಗ 72. ಎಂಜಿನ್ ನಿಧಾನವಾಗಿ ತಿರುಗಿಯೂ ಬೋಟು 6 ಮೈಲಿ ಹೆಚ್ಚು ಓಡಿತು.

ಈಗ ಗೇರಿನ ಸರದಿ. ಡೈನೊ ಕಾಗದ ನಿಜವಾದರೆ ನಿಮ್ಮ ಎಂಜಿನ್ನಿನ ಶಿಖರ 5,500ರಲ್ಲಿ. ಅದು 5,000ದಲ್ಲಿ ಸಿಕ್ಕಿಕೊಂಡಿದೆ. ಶೇ. 10 ಓವರ್ ಗೇರ್ ಹಾಕಿದರೆ ಶಾಫ್ಟ್ ಅದೇ ವೇಗದಲ್ಲಿರುವಾಗ ಎಂಜಿನ್ 5,360ರ ಸುಮಾರಿಗೆ ಏರುತ್ತದೆ, ಅಲ್ಲಿ ಸಿಗುವ ಹೆಚ್ಚಿನ ಶಕ್ತಿ ಶಾಫ್ಟನ್ನು ಇನ್ನೂ ತುಸು ಮುಂದೆ ತಳ್ಳುತ್ತದೆ. 18ಕ್ಕಿಂತ ಕೆಳಗೆ ಎಂದದ್ದು ಇದಕ್ಕೇ. ಕಸಾಲಿಯಂಥ, ಗೇರ್ ಬದಲಿಸಲು ಬರುವ ಪೆಟ್ಟಿಗೆಯಾದರೆ ಮುಚ್ಚಳ ತೆಗೆದು ಜೋಡಿ ಗೇರ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಗೇರ್‌ಗಳನ್ನು ಜೋಡಿಯಾಗಿಯೇ ಕೊಳ್ಳಿ, ಬೇರೆ ಬೇರೆ ಜೋಡಿಯ ಎರಡನ್ನು ಕೂಡಿಸಬೇಡಿ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದರೆ ಓವರ್ ಹೋಗಿ ಅಂಡರ್ ಆಗುತ್ತದೆ. ಅವಸರದಲ್ಲಿ ಹೀಗೆ ಹಾಕಿ ಎಂಜಿನ್ ಕೆಂಪು ಗೆರೆ ದಾಟಿಸಿದರೆ ನಷ್ಟ ದೊಡ್ಡದು. ಮುಚ್ಚಿದ ಮೇಲೆ ಮತ್ತೆ 10 ಸುತ್ತು ಎಣಿಸಿ. ತೆಗೆದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ: ಬೂದು ಮಸಿ ಸಹಜ, ಚುಚ್ಚುವ ಚೂರು ಸಿಕ್ಕಿದರೆ ಬೇರಿಂಗ್ ಅಥವಾ ಹಲ್ಲು ಹೋಗುತ್ತಿದೆ.

ಗೇರಿನ ಬದಲು ಪ್ರೊಪೆಲ್ಲರ್ ಬದಲಿಸಿಯೂ ಇದನ್ನೇ ಸಾಧಿಸಬಹುದು. 15ರ ಬದಲು 14 ಪಿಚ್ ಅಂದರೆ ಶೇ. 7ರಷ್ಟು ಹಗುರ. ಎಲೆಯ ಹಿಂದಂಚನ್ನು ತುಸು ಬಗ್ಗಿಸುವ ಕಪ್ಪಿಂಗ್ ಅರ್ಧದಿಂದ ಒಂದು ಇಂಚು ಪಿಚ್ ಸೇರಿಸಿದಂತೆ ವರ್ತಿಸುತ್ತದೆ, ಗಾಳಿ ಬೆರೆತ ನೀರಿನಲ್ಲಿ ಹಿಡಿತವನ್ನೂ ಕೊಡುತ್ತದೆ. ವ್ಯಾಸಕ್ಕೆ ಮಾತ್ರ ಸುಲಭವಾಗಿ ಕೈಹಾಕಬೇಡಿ. ಶಕ್ತಿಯ ಬೇಡಿಕೆ ವ್ಯಾಸದ ಐದನೇ ಘಾತದಂತೆ ಏರುತ್ತದೆ, 12ರಿಂದ 12.5 ಇಂಚಿಗೆ ಹೋದರೆ ಶೇ. 20ಕ್ಕೂ ಹೆಚ್ಚು.

ಎಂಜಿನ್ನಿಗೆ ಬರುವುದಾದರೆ, ಮೊದಲ ಪರೀಕ್ಷೆಗೆ ದುಡ್ಡೇ ಬೇಡ. ಎಂಜಿನ್ ನಿಲ್ಲಿಸಿರುವಾಗ ಒಬ್ಬರು ಥ್ರಾಟಲ್ ಪೆಡಲ್ಲನ್ನು ಪೂರ್ತಿ ಒತ್ತಲಿ, ನೀವು ಕಾರ್ಬ್ಯುರೇಟರ್ ಒಳಗೆ ಟಾರ್ಚ್ ಬಿಡಿ. ನಾಲ್ಕೂ ತಟ್ಟೆಗಳು ಸರಿಯಾಗಿ ನೆಟ್ಟಗೆ ನಿಲ್ಲಬೇಕು. ಕೇಬಲ್ ಸಡಿಲವಾಗಿ ಮುಕ್ಕಾಲು ಮಾತ್ರ ತೆರೆಯುವ ಬೋಟುಗಳಿಗೆ ಗೇರ್, ಪ್ರೊಪೆಲ್ಲರ್ ಎಲ್ಲ ಬದಲಿಸಿದವರಿದ್ದಾರೆ. ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲಿನ ಒತ್ತಡ 5 ಪಿಎಸ್‌ಐಗಿಂತ ಕೆಳಗೆ ಬೀಳಬಾರದು. ಒಟ್ಟು ಟೈಮಿಂಗ್, ಅಂದರೆ ಕಿಡಿ ಎಷ್ಟು ಮುಂಚೆ ಹೊತ್ತಬೇಕು ಎಂಬುದನ್ನು, 32ರಿಂದ 34 ಡಿಗ್ರಿಯಲ್ಲಿ ನಿಲ್ಲಿಸಿ, ಹೆಚ್ಚು ಬೇಡ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಸಿಗುವ ಪ್ರೀಮಿಯಂ 91 ಆಕ್ಟೇನ್, ಬೋಟಿನ ಎಂಜಿನ್ ಕಾರಿನಂತೆ ಕ್ಷಣ ಹೊತ್ತು ಅಲ್ಲ, ನಿಮಿಷಗಟ್ಟಲೆ ಪೂರ್ತಿ ಭಾರ ಹೊರುತ್ತದೆ, ಮೇಲಾಗಿ ಸೈಲೆನ್ಸರ್ ಸದ್ದಿನಲ್ಲಿ, ಪೆಟ್ರೋಲ್ ಅಕಾಲದಲ್ಲಿ ಸಿಡಿಯುವ ಟಕಟಕ ಕೇಳಿಸುವುದೇ ಇಲ್ಲ. ಗಾಳಿ-ಪೆಟ್ರೋಲ್ ಅನುಪಾತ 12.5ರ ಆಸುಪಾಸು ಇರಲಿ. ಕಾರ್ಬ್ಯುರೇಟರ್ ಮೇಲಿನ ಬೆಂಕಿತಡೆ ಜಾಲರಿಯನ್ನು ಗಾಳಿ ಹೆಚ್ಚಲಿ ಎಂದು ತೆಗೆದು ಓಡಿಸಬೇಡಿ.

ಪರೀಕ್ಷೆಗಳೆಲ್ಲ ಒಂದೇ ನೀರಿನಲ್ಲಿ ಆಗಲಿ. ಸಮುದ್ರಮಟ್ಟದ ಡೆಲ್ಟಾಕ್ಕೆ ಹೊಂದಿಸಿದ ಬೋಟನ್ನು 6,200 ಅಡಿ ಎತ್ತರದ ಟಾಹೊ ಸರೋವರಕ್ಕೆ ಒಯ್ದರೆ, ಸಾವಿರ ಅಡಿಗೆ ಶೇ. 3ರ ಲೆಕ್ಕದಲ್ಲಿ, ಎಂಜಿನ್ನಿನ ಶಕ್ತಿ ಸುಮಾರು ಶೇ. 19ರಷ್ಟು ಇಳಿಯುತ್ತದೆ, ಅದೇ ಪ್ರೊಪೆಲ್ಲರ್ ಅಲ್ಲಿ ಭಾರವಾಗುತ್ತದೆ. ಜೊತೆಗೆ 2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಎಂಬ ಚಿಪ್ಪುಜೀವಿ ಕಾಣಿಸಿಕೊಂಡ ಮೇಲೆ ಡೆಲ್ಟಾದಿಂದ ಬಂದ ಬೋಟುಗಳನ್ನು ಅನೇಕ ಸರೋವರಗಳಲ್ಲಿ ತಪಾಸಣೆಗೆ ನಿಲ್ಲಿಸುತ್ತಾರೆ, ಪೂರ್ತಿ ಒಣಗುವವರೆಗೆ ಕಾಯುವಂತೆ ಮಾಡುತ್ತಾರೆ. ಎಂಜಿನ್ನಿನ ನೀರು, ತಳದ ನೀರು ಪೂರ್ತಿ ಬಸಿದೇ ಮನೆಗೆ ಒಯ್ಯಿರಿ. 2025ರ ಜನವರಿಯಿಂದ ಮೋಟಾರ್ ಬೋಟು ನಡೆಸುವ ಎಲ್ಲ ವಯಸ್ಸಿನವರಿಗೂ ಕ್ಯಾಲಿಫೋರ್ನಿಯಾ ಬೋಟರ್ ಕಾರ್ಡ್ ಕಡ್ಡಾಯ; ಈಜುವವರಿಂದ 100 ಅಡಿ, ಸ್ನಾನದ ದಡ ಮತ್ತು ಜನ ಹತ್ತಿಳಿಯುವ ಕಟ್ಟೆಗಳಿಂದ 200 ಅಡಿಯೊಳಗೆ ವೇಗ 5 ಮೈಲಿ ಮೀರುವಂತಿಲ್ಲ. ನಿಮ್ಮ ಪೆಟ್ಟಿಗೆ ಗೇರಿನಲ್ಲಿದ್ದರೆ ಎಂಜಿನ್ ಶುರುವಾದ ಕ್ಷಣವೇ ಬೋಟು ಓಡುತ್ತದೆ, ಹಿಂದಕ್ಕೆ ಬರುವ ಗೇರೂ ಇಲ್ಲ. ಹುಟ್ಟುಗೋಲಿನಿಂದ ದಡ ಬಿಟ್ಟು, ಎದುರು ಖಾಲಿ ಇದೆಯೆಂದು ನೋಡಿ ಆಮೇಲೆ ಸ್ಟಾರ್ಟ್ ಮಾಡಿ. ಎಂಜಿನ್ ನಿಲ್ಲಿಸುವ ದಾರವನ್ನು ಮೈಗೆ ಸಿಕ್ಕಿಸಿಕೊಳ್ಳದೆ, ಹೆಚ್ಚು ವೇಗಕ್ಕೆ ತಕ್ಕ ಲೈಫ್ ಜಾಕೆಟ್ ಇಲ್ಲದೆ ಒಂದು ಓಟವೂ ಬೇಡ.

ಪ್ರತಿ ಓಟಕ್ಕೂ ಒಂದೇ ಬದಲಾವಣೆ. ದಿನಾಂಕ, ಗಾಳಿಯ ಉಷ್ಣತೆ, ಪ್ಲೇಟ್ ಇಂಚಿನ ಲೆಕ್ಕದಲ್ಲಿ ಎಲ್ಲಿತ್ತು, ಆರ್‌ಪಿಎಂ, ಎರಡು ದಿಕ್ಕಿನ ವೇಗ, ಸ್ಲಿಪ್, ಇಷ್ಟನ್ನು ಬರೆದಿಡಿ. ಶಾಫ್ಟ್, ಪ್ಲೇಟ್, ತೂಕ ಮುಗಿದ ಮೇಲೆ ನಿಮ್ಮ ಬೋಟು 70 ದಾಟಬೇಕು. ತಳ ನೇರವಾಗಿ, ಗೇರ್ ಶೇ. 10ಕ್ಕೆ ಬಂದ ಮೇಲೆ 75 ಕೈಗೆಟುಕುವ ಅಂಕಿ. ಹೊಸ ಹೊಂದಾಣಿಕೆಯಲ್ಲಿ ಐದು ಗಂಟೆ ಓಡಿದ ಮೇಲೆ ಪೆಟ್ಟಿಗೆ, ಸ್ಟ್ರಟ್, ಕಪ್ಲಿಂಗ್‌ಗಳ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿ ನೋಡಿ, ಫೀಲರ್ ಗೇಜ್‌ನಿಂದ ಆ ನಾಲ್ಕು ಜಾಗಗಳನ್ನು ಇನ್ನೊಮ್ಮೆ ಅಳೆಯಿರಿ.